ಜೇಬು ನೋಡುತ್ತಿದ್ದ ಸಿಸ್ಟರ್

"ಇಂಗ್ಲಿಷಿನ ಗಂಧವೇ ಇಲ್ಲದ ನಮ್ಮ ಸಿಸ್ಟರ್, ಐವತ್ನಾಲ್ಕನೆಯ ವಯಸ್ಸಿನಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಪಾಸು ಮಾಡಿ ಮಧುಮೇಹ ಶಿಕ್ಷಕಿಯಾದರೆಂದರೆ ಅದರ ಹಿಂದೆ ಒಬ್ಬ ಹಿರಿಯರ ಶ್ರಮವಿದೆ. ಸ್ವಂತ ಓದಿನಿಂದ ಇಂಗ್ಲಿಷ್ ಕಲಿತ ಸಂತೇಬೆನ್ನೂರಿನ ಆ ಹಿರಿಯರು ಸಿಸ್ಟರ್ ಅವರ ವರದಿಯನ್ನು ಸಾಲು ಸಾಲಾಗಿ ತಿದ್ದಿಕೊಟ್ಟರು. ಅವರಿಲ್ಲದಿದ್ದರೆ ಈ ಸರ್ಟಿಫಿಕೇಟೂ ಇಲ್ಲ, ಈ ಕೊಠಡಿಯೂ ಇಲ್ಲ."

ಚನ್ನಗಿರಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕಳೆದ ತಿಂಗಳು ನಡೆದ ಸಿಸ್ಟರ್ ಅವರ ಬೀಳ್ಕೊಡುಗೆಯಲ್ಲಿ ಹೀಗೊಂದು ಭಾಷಣವಾಯಿತು. ಮರುದಿನ ಅದೇ ಮಾತು ಫೋಟೊ ಸಮೇತ ವಾಟ್ಸಾಪಿನಲ್ಲಿ ಹೊರಟು, ಮಧ್ಯಾಹ್ನದೊಳಗೆ ಹೊನ್ನಾಳಿಯ ನನ್ನ ತಂಗಿಯನ್ನೂ ಸಂಜೆಯೊಳಗೆ ನ್ಯಾಮತಿಯ ಬೀಗರನ್ನೂ ಮುಟ್ಟಿತು. ಆ ಹಿರಿಯ ನಾನೇ. ನನಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಹದಿನಾರು ವರ್ಷದ ಸಕ್ಕರೆ ಕಾಯಿಲೆಯವನಿಗೆ ಸಪೋಟ ಹಣ್ಣಿನ ಬುಟ್ಟಿ ಕೊಡುವವರು ಹೇಳುವ ಚರಿತ್ರೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಅಲ್ಲಿಯೇ ಎದ್ದು ಕೇಳಬೇಕೆಂದಿದ್ದೆ. ಎದ್ದೆ ಕೂಡ. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರೆಂದು ಯಾರೋ ಹೇಳಿದರು. ಮೈಕಿನವನು ತಂತಿ ಕಿತ್ತು ಸುತ್ತತೊಡಗಿದ. ಆದ್ದರಿಂದ ಈ ಬರಹ.

ಆ ಭಾಷಣದಲ್ಲಿ ನಿಜವಾಗಿರುವ ಸಂಗತಿಗಳು ಎರಡೇ. ಸಿಸ್ಟರ್ ಅವರಿಗೆ ಆಗ ಐವತ್ನಾಲ್ಕಾಗಿದ್ದದ್ದು ನಿಜ. ವರದಿಯನ್ನು ನಾನು ತಿದ್ದಿದ್ದೂ ನಿಜ. ಉಳಿದದ್ದೆಲ್ಲ ತಲೆಕೆಳಗಾಗಿ ನಿಂತಿದೆ.

ನಾನು ಶಾಲೆ ಕಂಡದ್ದು ಏಳನೆಯ ತರಗತಿಯವರೆಗೆ. ಮುಂದಿನ ವಿದ್ಯೆಯೆಲ್ಲ ಖಾಸಗಿ ಬಸ್ಸಿನಲ್ಲಿ ಆಯಿತು. ಮೂವತ್ತೊಂದು ವರ್ಷ ಕಂಡಕ್ಟರನಾಗಿದ್ದೆ. ಮೊದಲು ಜಗಳೂರಿನಿಂದ ದಾವಣಗೆರೆ, ಸಂತೇಬೆನ್ನೂರು ಮೇಲೆ ಚನ್ನಗಿರಿಗೆ, ಆಮೇಲೆ ಹೊನ್ನಾಳಿ, ನ್ಯಾಮತಿ ಕಡೆಗೆ. ಟ್ರಿಪ್ಪಿಗೂ ಟ್ರಿಪ್ಪಿಗೂ ನಡುವೆ ನಿಘಂಟು ತೆರೆದು ಕೂರುತ್ತಿದ್ದೆ. ಓದಿನಿಂದ ಇಂಗ್ಲಿಷ್ ಬಂತು, ಕೆಲಸದಿಂದ ಸಂಶಯ ಬಂತು. ಮೀಸೆ ಚಿಗುರಿದ ಮಗನನ್ನು ಮುಂದೆ ನಿಲ್ಲಿಸಿ ಅರ್ಧ ಟಿಕೆಟ್ ಕೇಳುವ ತಾಯಂದಿರನ್ನು ಮೂರು ದಶಕ ಎದುರಿಸಿದವನು ಯಾರ ಹೇಳಿಕೆಯನ್ನೂ ಸುಲಭಕ್ಕೆ ಒಪ್ಪಲಾರ. ಆದರೆ ನನ್ನದೇ ಹೇಳಿಕೆಯನ್ನು ಸಂಶಯಿಸಬೇಕೆಂದು ನನಗೆ ಕಲಿಸಿದವರು ಈ ಸಿಸ್ಟರ್. ಅದನ್ನು ಅವರು ಕಲಿತದ್ದು ಯಾವ ಡಿಪ್ಲೊಮಾದಿಂದಲೂ ಅಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಹೆಸರು ಬರೆಯುತ್ತಿಲ್ಲ. ಬರೆಯಲೇ ಎಂದು ಫೋನಿನಲ್ಲಿ ಕೇಳಿದ್ದೆ. "ಬ್ಯಾಡ್ರಿ ಯಜಮಾನ್ರೆ, ಸಿಸ್ಟರ್ ಅಂದ್ರೆ ಸಾಕು. ಹೆಸರು ನೋಡಿದ್ರೆ ಜನ ಜಗಳೂರಿಗೂ ಶುಗರ್ ತೋರ್ಸಾಕೆ ಬಂದುಬಿಡ್ತಾರೆ. ನಾನೀಗ ಕುರಿ ಸಾಕೋಣ ಅಂತ ಮಾಡೀನಿ," ಎಂದರು. ಜಗಳೂರಿನ ಹತ್ತಿರದ ಹಳ್ಳಿಯೊಂದು ಅವರ ತವರು. ಮೊದಲ ಕೆಲಸ ಹೊನ್ನಾಳಿಯಲ್ಲಿ, ಮದುವೆಯಾದದ್ದು ನ್ಯಾಮತಿಗೆ, ಕೊನೆಯ ಇಪ್ಪತ್ತೆರಡು ವರ್ಷ ಚನ್ನಗಿರಿಯಲ್ಲಿ. ನಾನು ಓಡಾಡಿದ ರಸ್ತೆಗಳಲ್ಲಿಯೇ ಅವರ ಬದುಕೂ ಓಡಾಡಿದೆ. ಎಂದೋ ಒಮ್ಮೆ ನಾನೇ ಅವರಿಗೆ ಟಿಕೆಟ್ ಹರಿದಿರಬಹುದು. ಅವರಿಗೂ ನೆನಪಿಲ್ಲ, ನನಗೂ ಇಲ್ಲ. ಆದ್ದರಿಂದ ಅದು ನಡೆಯಿತೆಂದು ನಾನು ಹೇಳುವುದಿಲ್ಲ.

ಕುಳ್ಳು ಆಳು, ಬಿರುಸು ನಡಿಗೆ. ಗಡಿಯಾರವನ್ನು ಬಲಗೈಗೆ, ಮುಖ ಒಳಗಡೆಗೆ ಬರುವಂತೆ ಕಟ್ಟುತ್ತಿದ್ದರು. ರೋಗಿಯನ್ನು ಬೆಂಚಿನ ಮೇಲೆ ಕೂರಿಸಿ ತಾವು ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಿದ್ದರು; ಹಾಗಾಗಿ ಅವರೊಡನೆ ಮಾತಾಡುವ ಯಾರೂ ತಲೆ ಎತ್ತಬೇಕಾಗಿರಲಿಲ್ಲ. ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಚಪ್ಪಲಿಯನ್ನು. ಕೈಗೆತ್ತಿಕೊಂಡು, ತಿರುವಿ, ಸವೆದ ಜಾಗಕ್ಕೆ ಹೆಬ್ಬೆಟ್ಟು ಒತ್ತಿ, "ಎಡಗಾಲಿನ ಹೆಬ್ಬೆಟ್ಟು ಜುಮುಜುಮು ಅಂತೈತಲ್ರೀ?" ಎನ್ನುವರು. ಬಂದವನು ಬಾಯಿ ಬಿಟ್ಟು ಕೂರುವನು. ಶಾಸ್ತ್ರ ಹೇಳುವವರಂತೆ ಕಾಣುತ್ತಿದ್ದರೂ ಅದರಲ್ಲಿ ಪವಾಡವೇನೂ ಇರಲಿಲ್ಲ. ಚಪ್ಪಲಿ ಹೇಳುವುದನ್ನು ಕೇಳುವ ವ್ಯವಧಾನ ಬೇರೆ ಯಾರಿಗೂ ಇರಲಿಲ್ಲ, ಅಷ್ಟೇ.

ಚಪ್ಪಲಿಯ ನಂತರ ಜೇಬು. ಬೇರೆ ಕಡೆ, ನಿನ್ನೆ ಬೆಳಗಿನಿಂದ ಏನೇನು ತಿಂದಿರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಸಿಸ್ಟರ್ ಅದನ್ನೂ ಕೇಳುತ್ತಿದ್ದರು, ಬರೆದುಕೊಳ್ಳುತ್ತಲೂ ಇದ್ದರು. ಆಮೇಲೆ ಪೆನ್ನು ಕೆಳಗಿಟ್ಟು, "ಈಗ ಜೇಬು ತೋರಿಸ್ರಿ" ಎನ್ನುವರು. ಗಂಡಸರಾದರೆ ಅಂಗಿಯ ಜೇಬು, ಹೆಂಗಸರಾದರೆ ಎಲೆ ಅಡಿಕೆ ಚೀಲ. ಮೇಜಿನ ಮೇಲೆ ಅಡಿಕೆ ಹೋಳು, ಪೆಪ್ಪರಮೆಂಟು, ಪ್ರಸಾದದ ಕಲ್ಲುಸಕ್ಕರೆ, ಚಕ್ಕುಲಿಯ ಚೂರು ಬಂದು ಬೀಳುತ್ತಿದ್ದವು. ಈ ಪದ್ಧತಿ ಬಂದದ್ದು ಅವರ ತಾಯಿಯಿಂದ. ಒಗೆಯಲು ಅರಿವೆ ನೆನೆಸುವ ಮೊದಲು ಎಲ್ಲರ ಜೇಬನ್ನೂ ನೋಡುವುದು ಆಕೆಯ ಅಭ್ಯಾಸ. ಮನೆಯಲ್ಲಿ ಯಾರು ಎಲ್ಲಿಗೆ ಹೋಗಿಬಂದರೆಂದು ಆಕೆಗೆ ಕೇಳದೆಯೇ ಗೊತ್ತಾಗುತ್ತಿತ್ತಂತೆ. "ಬಾಯಿ ಮರೀತೈತ್ರಿ, ಜೇಬು ಮರಿಯಂಗಿಲ್ಲ," ಎನ್ನುತ್ತಿದ್ದರು ಸಿಸ್ಟರ್.

ನ್ಯಾಮತಿಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಒಂದು ದಿನ ಅವರ ಚೀಲದಿಂದ ಅರ್ಧ ಮುಗಿದ ಬಿಸ್ಕತ್ತಿನ ಪೊಟ್ಟಣ ಬಂತು. ನಾನು ಪಕ್ಕದಲ್ಲಿಯೇ ಕೂತಿದ್ದೆ.

"ಟೀಗೆ ಸಕ್ಕರೆ ಬಿಟ್ಟೀನಿ ಅಂದ್ರಲ್ಲ ಅಜ್ಜಿ?"

"ಬಿಟ್ಟೀನಿ ಕಣವ್ವ. ಕಷಾಯ ಕುಡಿದಂಗೆ ಕುಡೀತೀನಿ."

"ಮತ್ತೆ ಇದು?"

"ಅದ್ರಾಗೆ ನಾನು ಸಕ್ಕರೆ ಹಾಕಿಲ್ಲವ್ವ. ಫ್ಯಾಕ್ಟರಿಯೋರು ಹಾಕಿದ್ರೆ ಶುಗರ್ ಅವರಿಗೇ ಬರ್ಲಿ."

ಸಿಸ್ಟರ್ ಮೇಜು ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಪೊಟ್ಟಣವನ್ನು ಕಸಿದುಕೊಳ್ಳಲಿಲ್ಲ. "ಎರಡು ತಿನ್ರಿ, ಟೀ ಕೂಡ. ಆದ್ರೆ ಅವತ್ತು ರೊಟ್ಟಿ ಒಂದು ಕಡಿಮೆ. ಒಪ್ಪಿಗೆನಾ?" ಎಂದು ಚೌಕಾಸಿಗಿಳಿದರು. ಅಜ್ಜಿ ಮೂರಕ್ಕೆ ಎಳೆದಾಡಿ ಎರಡಕ್ಕೆ ಒಪ್ಪಿದರು. ಜೇಬಿನಲ್ಲಿ ಸಿಕ್ಕಿದ ಯಾವ ವಸ್ತುವಿಗಾಗಿಯೂ ಸಿಸ್ಟರ್ ಯಾರನ್ನೂ ಬಯ್ದದ್ದನ್ನು ನಾನು ಕಂಡಿಲ್ಲ. ಬಯ್ಯುತ್ತಿದ್ದರೆಂದು ಹೇಳುವವರಿದ್ದಾರೆ, ಅವರು ಜೇಬು ತೋರಿಸದೆ ಓಡಿಹೋದವರು.

ಇದೆಲ್ಲ ನಡೆಯುತ್ತಿದ್ದದ್ದು ವರಾಂಡದಲ್ಲಿ, ನಲವತ್ತು ಜನರ ಸಾಲಿನ ಎದುರು. ಸಿಸ್ಟರ್ ಅವರ ಒಂದೇ ಕೊರಗು ಅದು. ಕಾಲಿನ ಉರಿಯನ್ನು ಹೇಗೋ ಹೇಳಿಕೊಳ್ಳುವ ಗಂಡಸು, ಅದಕ್ಕಿಂತ ಒಳಗಿನ ತೊಂದರೆಯನ್ನು ನಲವತ್ತು ಜನರೆದುರು ಹೇಳಲಾರ. ಸೂಜಿ ಚುಚ್ಚಿಕೊಳ್ಳುವುದನ್ನು ಕಲಿಯಬೇಕಾದ ಸೊಸೆ, ಬೀದಿಯ ಜನರ ಮುಂದೆ ಸೆರಗು ಸರಿಸಲಾರಳು. ಮೆಟ್ಟಿಲಿನ ಕೆಳಗೆ ಮುರಿದ ಮಂಚಗಳನ್ನು ತುಂಬಿದ್ದ ಒಂದು ಕೊಠಡಿಯಿತ್ತು. ಬಾಗಿಲೊಂದು, ಕಿಟಕಿಯೊಂದು. ಸಿಸ್ಟರ್ ಅದನ್ನು ಕೇಳಿದರು. ನರ್ಸಿಂಗ್ ಹೋಮಿನ ಡಾಕ್ಟರು ಒಳ್ಳೆಯವರೇ. ಆದರೆ ಕೊಠಡಿಗೆ ಎಕ್ಸ್-ರೇ ಯಂತ್ರವನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರು.

"ಏನಂತ ಬೋರ್ಡ್ ಹಾಕಲಮ್ಮ? ಸಿಸ್ಟರ್ ಮಾತಾಡೋ ರೂಮು ಅಂತಾನಾ? ಅದಕ್ಕೊಂದು ಕೋರ್ಸ್ ಐತೆ. ನರ್ಸುಗಳು, ಫಾರ್ಮಸಿಸ್ಟುಗಳು ಸೇರ್ಕೊಬಹುದು. ಪಾಸಾಗಿ ಬಾ, ರೂಮು ನಿಂದು. ಇಲ್ಲಾಂದ್ರೆ ಯಂತ್ರದ್ದು."

ಮಧುಮೇಹ ಶಿಕ್ಷಕರನ್ನು ತಯಾರು ಮಾಡುವ ಆ ಸ್ನಾತಕೋತ್ತರ ಡಿಪ್ಲೊಮಾಗೆ ಅವರು ಸೇರಿದ್ದು ಹೀಗೆ. ಭಾನುವಾರ ದಾವಣಗೆರೆಯಲ್ಲಿ ತರಗತಿ, ಉಳಿದದ್ದು ಮನೆಯ ಓದು. ಜೊತೆಗಿದ್ದವರು ಅವರ ಅರ್ಧ ವಯಸ್ಸಿನವರು: ನರ್ಸುಗಳು, ಪಥ್ಯಶಾಸ್ತ್ರ ಓದಿದವರು, ಹೊನ್ನಾಳಿಯ ಒಬ್ಬ ಫಾರ್ಮಸಿಸ್ಟ್ ಹುಡುಗಿ. ಈ ಹುಡುಗಿ ಮುಂದೆ ಮತ್ತೆ ಬರುತ್ತಾಳೆ, ಮರೆಯಬಾರದು. ಸಿಸ್ಟರ್ ಅವರ ನೋಟ್ಸ್ ಪುಸ್ತಕದಲ್ಲಿ ಎಡಪುಟ ಇಂಗ್ಲಿಷ್, ಬಲಪುಟ ಕನ್ನಡ. ಇಂಗ್ಲಿಷಿನ ಗಂಧವಿರಲಿಲ್ಲ ಎಂಬ ಭಾಷಣದ ಮಾತನ್ನು ಈ ಪುಸ್ತಕವೊಂದೇ ಸುಳ್ಳು ಮಾಡುತ್ತದೆ. ಅವರ ಇಂಗ್ಲಿಷ್ ಗಿಡ್ಡ ವಾಕ್ಯಗಳ ಇಂಗ್ಲಿಷ್; ಆದರೆ ಒಂದು ವಾಕ್ಯ ಒಂದು ಸಂಗತಿಯನ್ನು ಹೇಳಿ ಮುಗಿಯುತ್ತಿತ್ತು. ನನ್ನ ಇಂಗ್ಲಿಷಿಗೆ ಆ ಗುಣವಿಲ್ಲವೆಂದು ನನಗೆ ತಿಳಿದದ್ದು ತಡವಾಗಿ.

ತರಗತಿಯಲ್ಲಿ ಒಮ್ಮೆ ಅಧ್ಯಾಪಕರೊಬ್ಬರು ರೋಗಿಯಂತೆ ಕೂತು, ತಮ್ಮನ್ನು ವಿಚಾರಿಸಲು ಒಬ್ಬೊಬ್ಬರನ್ನೇ ಕರೆದರಂತೆ. ಉಳಿದವರು ಪುಸ್ತಕದಲ್ಲಿದ್ದ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿ ಬಂದರು. ನಮ್ಮವರು ಎರಡು ಪ್ರಶ್ನೆ ಕೇಳಿ, "ಸಾರ್, ಜೇಬು ತೋರಿಸ್ರಿ" ಎಂದರು. ನಾಟಕವೆಂಬುದನ್ನು ಮರೆತು ಅವರು ತೋರಿಸಿಯೂ ಬಿಟ್ಟರು. ಒಂದು ದೊಡ್ಡ ಚಾಕಲೇಟು ಹೊರಬಂತು, ತುದಿ ಕಚ್ಚಿದ್ದು. ತರಗತಿ ಕುಣಿದಾಡಿತು. "ಪಾಪ, ಮಗಳಿಗೆ ಅಂದ್ರು. ಕಚ್ಚಿದ್ದು ಯಾರು ಅಂತ ನಾನು ಕೇಳಾಕೆ ಹೋಗ್ಲಿಲ್ಲ," ಎಂದು ಸಿಸ್ಟರ್ ಹೇಳಿದ್ದರು.

ಈಗ ನನ್ನ ಪಾತ್ರಕ್ಕೆ ಬರುತ್ತೇನೆ. ಕೋರ್ಸಿನ ಕೊನೆಯಲ್ಲಿ ಆರು ರೋಗಿಗಳ ವರದಿ ಒಪ್ಪಿಸಬೇಕಿತ್ತು. ಅದರಲ್ಲಿ ಒಬ್ಬರು, ಎಷ್ಟು ತಿಳಿಹೇಳಿದರೂ ಸಕ್ಕರೆ ಇಳಿಯದವರಾಗಿರಬೇಕು. ಯಾಕೆ ಇಳಿಯಲಿಲ್ಲ ಎಂಬುದಕ್ಕೆ ಕಾರಣ ಕಂಡುಹಿಡಿದಿರಬೇಕು. ಸಿಸ್ಟರ್ ನನ್ನನ್ನು ಆರಿಸಿಕೊಂಡರು. ಹದಿನೈದು ದಿನಕ್ಕೊಮ್ಮೆ ಸೋಮವಾರ ನಾನು ಸಂತೇಬೆನ್ನೂರಿನಿಂದ ಮೊದಲ ಬಸ್ಸಿಗೆ ಬಂದು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುತ್ತಿದ್ದೆ. ಪ್ರತಿ ಸಾರಿಯೂ ಸಕ್ಕರೆ ಏರಿರುತ್ತಿತ್ತು. ಡಾಕ್ಟರು ರಾತ್ರಿಯ ಗುಳಿಗೆಯನ್ನು ಏರಿಸುತ್ತಿದ್ದರು. ಆದರೆ ಮನೆಯಲ್ಲಿದ್ದ ದಿನಗಳಲ್ಲಿ ಬೆಳಿಗ್ಗೆ ಏಳುವ ಹೊತ್ತಿಗೆ ನನ್ನ ಬನಿಯನ್ನು ಬೆವರಿನಲ್ಲಿ ತೊಯ್ದಿರುತ್ತಿತ್ತು, ಕೈ ನಡುಗುತ್ತಿತ್ತು. ನಾನೋ, ಉಂಡದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ನೋಟುಬುಕ್ಕಿನಲ್ಲಿ ಬರೆದಿಡುವವನು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಸಿಸ್ಟರ್ ನೋಟುಬುಕ್ಕನ್ನು ಪೂರ್ತಿ ಓದಿದರು. ರಕ್ತದ ಚೀಟಿಗಳನ್ನು ಪಕ್ಕದಲ್ಲಿ ಸಾಲಾಗಿ ಇಟ್ಟರು. ಮೂರು ತಿಂಗಳ ಸರಾಸರಿ ತೋರಿಸುವ ಇನ್ನೊಂದು ಪರೀಕ್ಷೆ ಮಾಡಿಸಿದ್ದರು, ಅದು ಚೆನ್ನಾಗಿತ್ತು.

"ಸರಾಸರಿ ಚಲೋ ಐತೆ. ಮನೆಯಾಗೆ ಬೆವರ್ತೀರಿ, ಅಂದ್ರೆ ಸಕ್ಕರೆ ತೀರಾ ಇಳೀತೈತೆ. ಇಲ್ಲಿಗೆ ಬಂದ್ರೆ ಮಾತ್ರ ಏರ್ತೈತೆ. ಯಾವುದೋ ಒಂದು ಸುಳ್ಳು ಹೇಳ್ತೈತ್ರಿ ಯಜಮಾನ್ರೆ."

"ನಿಮ್ಮ ಮಿಷನ್ ನೋಡ್ಕಳ್ರಿ ತಾಯಿ," ಎಂದೆ.

ವರದಿಯ ಕರಡನ್ನು ಇಂಗ್ಲಿಷ್ ನೋಡಿಕೊಡಲೆಂದು ನನ್ನ ಕೈಗೇ ಕೊಟ್ಟರು. ತಮ್ಮ ರೋಗಿಯ ಕೈಗೆ ಅವನ ವರದಿ! ಆ ವಿಶ್ವಾಸಕ್ಕೆ ನಾನು ಮಾಡಿದ್ದನ್ನು ಕೇಳಿ. ನನಗೆ ಹಸಿರು ಶಾಯಿಯ ಅಭ್ಯಾಸ. ಕರಡಿನ ನಾಲ್ಕನೆಯ ಪುಟದಲ್ಲಿ ಸಿಸ್ಟರ್ ಒಂದು ಗಿಡ್ಡ ವಾಕ್ಯ ಬರೆದಿದ್ದರು: ಪರೀಕ್ಷೆಯ ದಿನ ಇವರು ಖಾಲಿ ಹೊಟ್ಟೆಯಲ್ಲಿ ಬರುತ್ತಿಲ್ಲವೆಂದು ನನ್ನ ಅನುಮಾನ. ನಾನು ಅದರ ಮೇಲೆ ಎರಡು ಗೆರೆ ಎಳೆದೆ. ಮೇಲ್ಗಡೆ, ಇವರು ಮಾದರಿಯೆನ್ನಬಹುದಾದ ಶಿಸ್ತಿನ ವ್ಯಕ್ತಿ, ಇವರ ಮಾತನ್ನು ಸಂಪೂರ್ಣವಾಗಿ ನಂಬಬಹುದು ಎಂಬರ್ಥದ ಒಂದು ಉದ್ದನೆಯ ಇಂಗ್ಲಿಷ್ ವಾಕ್ಯವನ್ನು ಅಲಂಕಾರ ಸಮೇತ ಬರೆದೆ. ಅದರಲ್ಲಿ ಒಂದೂ ವ್ಯಾಕರಣ ದೋಷವಿರಲಿಲ್ಲ.

"ಇದನ್ನ ಯಾಕೆ ಹೊಡೆದ್ರಿ?" ಎಂದರು ಸಿಸ್ಟರ್.

"ಸಾಕ್ಷಿ ಇಲ್ಲದ ಮಾತು ಬರೀಬಾರದು ತಾಯಿ. ಹಿಂದಿನ ದಿನ ಏಳೂವರೆಗೆ ಊಟ ಮುಗ್ಸಿದ್ರೆ, ರಕ್ತ ಕೊಡೋ ತನಕ ನಾನು ಏನೂ ತಿನ್ನಲ್ಲ."

"ಜೇಬು ತೋರಿಸ್ತೀರಾ?"

ನಾನು ಎದ್ದು ನಿಂತೆ. ಕಂಡಕ್ಟರನಾಗಿದ್ದ ಕಾಲದಲ್ಲಿ ಒಮ್ಮೆ ತಪಾಸಣೆಯವರು ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ, ಪ್ರಯಾಣಿಕರ ಕಣ್ಣೆದುರು ನನ್ನ ಜೇಬುಗಳನ್ನು ಹೊರಗೆಳೆಸಿದ್ದರು. ಏನೂ ಸಿಗಲಿಲ್ಲ. ಇನ್ನು ಯಾರ ಮುಂದೆಯೂ ಜೇಬು ತೆರೆಯಲಾರೆನೆಂದು ಅಂದೇ ನಿಶ್ಚಯಿಸಿದ್ದೆ. ಸಿಸ್ಟರ್ ಅವರಿಗೆ ಇದು ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ನನ್ನ ಮುಖ ನೋಡಿದರು, ಕಾಗದವನ್ನು ಮಡಿಸಿದರು. "ಕೂತ್ಕಳ್ರಿ. ಹಿರಿಯರು ಇಲ್ಲ ಅಂದ ಮೇಲೆ ಆತು," ಎಂದು ನಾನು ತಿದ್ದಿದ್ದನ್ನು ತಿದ್ದಿದಂತೆಯೇ ಟೈಪು ಮಾಡಿಸಿ ಒಪ್ಪಿಸಿದರು.

ಆ ವರದಿ ತಿರಸ್ಕೃತವಾಗಿ ಬಂತು. ನಾನು ಬರೆದ ಸುಂದರ ವಾಕ್ಯದ ಪಕ್ಕದಲ್ಲಿ ಪರೀಕ್ಷಕರು ಕೆಂಪು ಶಾಯಿಯಲ್ಲಿ ಕೇಳಿದ್ದರು: ಹಾಗಾದರೆ ಕಾರಣವೇನು? ಮತ್ತೆ ಒಪ್ಪಿಸಲು ಆರು ತಿಂಗಳು, ಅದೇ ಕೊನೆಯ ಅವಕಾಶ. ಸಿಸ್ಟರ್ ನನಗೆ ಇದನ್ನು ತಿಳಿಸಲೇ ಇಲ್ಲ. ಎಂದಿನಂತೆ ನಗುತ್ತ ಚಪ್ಪಲಿ ನೋಡಿದರು, ರಕ್ತ ತೆಗೆದರು. ಮೆಟ್ಟಿಲಿನ ಕೆಳಗಿನ ಕೊಠಡಿಯಲ್ಲಿ ಇಬ್ಬರು ಯುವಕರು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ಯಾರೆಂದು ಕೇಳಿದೆ. "ಎಕ್ಸ್-ರೇ ಮಿಷನ್ನಿನೋರು," ಎಂದು ಬೇರೆ ಕಡೆ ತಿರುಗಿದರು.

ನಿಜ ತಿಳಿದದ್ದು ಬಸ್ಸಿನಲ್ಲಿ, ಹೊನ್ನಾಳಿಯ ಆ ಫಾರ್ಮಸಿಸ್ಟ್ ಹುಡುಗಿಯಿಂದ. ನನ್ನ ಪಕ್ಕದಲ್ಲಿ ಕೂತವಳು ಪರಿಚಯವಾದೊಡನೆ ಮುಖಕ್ಕೇ ಹೇಳಿದಳು:

"ಅಜ್ಜಾರೆ, ಐದು ಕೇಸು ಪಾಸು. ನಿಮ್ಮ ಒಂದರಾಗೆ ಸಿಸ್ಟರ್ ಹೋದ್ರು. ಮೊದ್ಲು ಸರಿಯಾಗೇ ಬರ್ದಿದ್ರಂತೆ. ಯಾರೋ ದೊಡ್ಡ ಇಂಗ್ಲಿಷ್ ಪಂಡಿತರು ಹೊಡೆದು ಹಾಕಿದ್ರಂತೆ."

ಆ ಪಂಡಿತರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ನಾನು ಕಿಟಕಿಯ ಹೊರಗೆ ನೋಡುತ್ತ, ಹಾಗಾದರೂ ನನ್ನ ಮಾತು ನಿಜವೇ ಎಂದುಕೊಂಡೆ. ನಾನು ತಿನ್ನುತ್ತಿರಲಿಲ್ಲವಲ್ಲ!

ಮುಂದಿನ ಸೋಮವಾರಕ್ಕೆ ಮೊದಲು, ಭಾನುವಾರ, ಸಂತೇಬೆನ್ನೂರಿನಲ್ಲಿ ಸಿಸ್ಟರ್ ಅವರ ಸಂಬಂಧಿಕರ ಮಗುವಿಗೆ ನಾಮಕರಣವಿತ್ತು. ಸಿಸ್ಟರ್ ರಾತ್ರಿ ಅಲ್ಲಿಯೇ ಉಳಿದುಕೊಂಡು ಬೆಳಿಗ್ಗೆ ನಾನು ಹತ್ತುವ ಬಸ್ಸನ್ನೇ ಹತ್ತಿದ್ದಾರೆ. ಬೇಕೆಂದೇ ಹತ್ತಿದರೆಂದು ಒಂದು ಕಥೆಯಿದೆ. ನಾನು ಅವರನ್ನೇ ಕೇಳಿದ್ದೇನೆ, ಬೇರೆ ಬಸ್ಸು ಇರಲಿಲ್ಲವೆಂದರು. ವೇಳಾಪಟ್ಟಿ ನನಗೆ ಬಾಯಿಪಾಠ. ಆ ಹೊತ್ತಿಗೆ ನಿಜಕ್ಕೂ ಬೇರೆ ಬಸ್ಸಿರಲಿಲ್ಲ. ನಾನು ಡ್ರೈವರನ ಹಿಂದಿನ ಸೀಟಿನಲ್ಲಿ, ನಿವೃತ್ತನಿಗೆ ಸಲ್ಲುವ ಗೌರವದ ಜಾಗದಲ್ಲಿ ಕೂತಿದ್ದೆ. ಅವರು ಮೂರು ಸೀಟು ಹಿಂದೆ, ಆಚೆ ಸಾಲಿನಲ್ಲಿ; ನಾನು ತಿರುಗಿ ನೋಡಲಿಲ್ಲ.

ಚನ್ನಗಿರಿಯಲ್ಲಿ ರಕ್ತ ಕೊಟ್ಟು ಬೆಂಚಿನ ಮೇಲೆ ಕೂತೆ. ಸಿಸ್ಟರ್ ಸ್ಟೂಲು ಎಳೆದುಕೊಂಡು ಬಂದು ನನ್ನ ಮುಂದೆ ಒಂದು ಹಾಳೆ ಇಟ್ಟರು. ಎಡಗಡೆ ನಿಲುಗಡೆಗಳ ಹೆಸರು, ಬಲಗಡೆ ಗೀಟುಗಳು. ಬಸ್ ಸ್ಟ್ಯಾಂಡು, ಎರಡು ಗೀಟು. ಪುಷ್ಕರಣಿ, ಒಂದು. ಕೆರೆ ಏರಿ, ಮೂರು. ಹೈಸ್ಕೂಲು, ಎರಡು. ಹೀಗೆ ಚನ್ನಗಿರಿಯವರೆಗೆ.

"ಇದೇನು ತಾಯಿ?"

"ಟ್ರಿಪ್ ಶೀಟು. ಕಂಡಕ್ಟ್ರು ನಿಲುಗಡೆಗೊಮ್ಮೆ ಬರಿಯೋ ಲೆಕ್ಕ ಸುಳ್ಳು ಹೇಳಲ್ಲ ಅಂತ ನೀವೇ ಹೇಳ್ತಿದ್ರಲ್ಲ. ತಪ್ಪಿದ್ರೆ ತಿದ್ರಿ, ಹಸಿರು ಪೆನ್ನು ಇಟ್ಕಂಡೇ ಇರ್ತೀರಿ."

"ಗೀಟು ಏನಕ್ಕೆ?"

"ಒಂದೊಂದು ಸಾರಿ ನಿಮ್ಮ ಕೈ ಜೇಬಿನಿಂದ ಬಾಯಿಗೆ ಹೋಗಿದ್ದಕ್ಕೆ."

ನಾನು ಹಾಳೆಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದೆ. ನಿಲುಗಡೆಗಳ ಕ್ರಮ ಸರಿಯಾಗಿತ್ತು. ಒಂದು ವಿನಂತಿ ನಿಲುಗಡೆಯನ್ನೂ ಬಿಟ್ಟಿರಲಿಲ್ಲ. ಆಮೇಲೆ, ಯಾರೂ ಕೇಳದೆಯೇ, ನನ್ನ ಕೈ ಜೇಬಿಗೆ ಹೋಯಿತು. ಹೊರಗೆ ಬಂದಾಗ ಅದರಲ್ಲಿ ಒಂದು ಹಿಡಿ ಮಂಡಕ್ಕಿಯಿತ್ತು. ಹುರಿಗಡಲೆ ಬೆರೆತದ್ದು, ಖಾರ ಹಚ್ಚಿದ್ದು.

ಸಂತೇಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಾರುವ ತಾಯಿಯೊಬ್ಬರು, ನಾನು ಡ್ಯೂಟಿಯಲ್ಲಿದ್ದ ಕಾಲದಿಂದಲೂ, ಮೊದಲ ಬಸ್ಸು ಹೊರಡುವಾಗ "ತಗಾ ಕಂಡಕ್ಟ್ರಣ್ಣ" ಎಂದು ನನ್ನ ಜೇಬಿಗೆ ಒಂದು ಸೇರೆ ಸುರಿಯುತ್ತಿದ್ದರು. ಪ್ರತಿ ನಿಲುಗಡೆಯಲ್ಲಿ ಸೀಟಿ ಊದಿದ ಮೇಲೆ ನಾಲ್ಕು ಕಾಳು ಬಾಯಿಗೆ. ಮೂವತ್ತೊಂದು ವರ್ಷ. ಸೀಟಿ ಬಿಟ್ಟುಹೋಗಿತ್ತು, ಕೈ ಬಿಟ್ಟಿರಲಿಲ್ಲ. ನಮ್ಮ ದಾವಣಗೆರೆ ಸೀಮೆಯಲ್ಲಿ ಮಂಡಕ್ಕಿಯನ್ನು ಯಾರೂ ತಿನ್ನುವ ಲೆಕ್ಕಕ್ಕೆ ಸೇರಿಸುವುದಿಲ್ಲ. ಊಟವಾಯಿತೇ ಎಂದು ಕೇಳಿದರೆ, ಒಂದು ಮೊರ ಮಂಡಕ್ಕಿ ಮುಗಿಸಿದವನೂ ಇನ್ನೂ ಇಲ್ಲವೆನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ನಾನೂ ಸುಳ್ಳು ಹೇಳಿರಲಿಲ್ಲ.

"ಇದು ತಿಂದಿದ್ದಲ್ಲ ತಾಯಿ," ಎಂದೆ, "ಬಾಯಾಡಿಸಿದ್ದು."

ಸಿಸ್ಟರ್ ನಗಲಿಲ್ಲ. ಹಾಳೆಯನ್ನು ತಿರುವಿ ನನ್ನ ಮಾತನ್ನು ಕನ್ನಡದಲ್ಲಿ ಹಾಗೆಯೇ ಬರೆದುಕೊಂಡರು. ಬರೆದು ಮುಗಿಸಿ ನನ್ನ ಕೈಯಿಂದ ನಾಲ್ಕು ಕಾಳು ಎತ್ತಿ ಬಾಯಿಗೆ ಹಾಕಿಕೊಂಡರು. "ಖಾರ ಚಲೋ ಹಚ್ಯಾಳೆ," ಎಂದರು. ಆಗ ನನಗೆ ನಗು ಬಂತು. ಅವರಿಗೂ ಬಂತು. ಸಾಲಿನಲ್ಲಿದ್ದವರು ಏನಾಯಿತೆಂದು ಇಣುಕಿದರು. ಸಿಸ್ಟರ್ ಎದ್ದು, "ಬಸ್ಸಿನಾಗೆ ಬಂದೋರು ಯಾರ್ಯಾರು ಬಾಯಾಡಿಸಿಕೊಂಡು ಬಂದೀರಿ?" ಎಂದು ಕೇಳಿದರು. ವರಾಂಡದುದ್ದಕ್ಕೂ ಕೈಗಳು ಒಂದೊಂದಾಗಿ ಜೇಬಿಗೆ ಇಳಿದವು.

ಡಾಕ್ಟರು ಅಂದೇ ನನ್ನ ರಾತ್ರಿಯ ಗುಳಿಗೆಯನ್ನು ಇಳಿಸಿದರು. ಬೆಳಗಿನ ಬೆವರು ನಿಂತಿತು. ಏರಿಸುತ್ತಲೇ ಹೋಗಿದ್ದರೆ ಒಂದು ಬೆಳಿಗ್ಗೆ ನಾನು ಏಳದೆಯೇ ಇರಬಹುದಿತ್ತೆಂದು ಆಮೇಲೆ ಹೇಳಿದರು. ಜೇಬು ತೋರಿಸಲಾರದ ನನ್ನ ಹಳೆಯ ಕಥೆಯನ್ನೂ ಅಂದೇ ಸಿಸ್ಟರ್ ಅವರಿಗೆ ಹೇಳಿದೆ. "ಅವರು ಕಳ್ಳತನ ಹುಡುಕ್ತಿದ್ರು. ನಾನು ನಿಮ್ಮನ್ನ ಹುಡುಕ್ತಿದ್ದೆ ರೀ," ಎಂದರು.

ವರದಿಯನ್ನು ಮತ್ತೆ ಬರೆದರು. ಇಂಗ್ಲಿಷ್ ನೋಡಿಕೊಡುತ್ತೇನೆಂದು ನಾನು ಕೈಚಾಚಿದೆ.

"ಬ್ಯಾಡ ಯಜಮಾನ್ರೆ. ನಿಮ್ಮ ಪೆನ್ನು ಈ ಸಾರಿ ಉಪವಾಸ ಇರ್ಲಿ."

ಮೌಖಿಕ ಪರೀಕ್ಷೆಯ ಬಗ್ಗೆ ಎರಡು ಕಥೆಗಳಿವೆ. ಟ್ರಿಪ್ ಶೀಟನ್ನು ನೋಡಿ ಪರೀಕ್ಷಕರು, ಇದೇನಮ್ಮ ಬಸ್ಸಿನ ಲೆಕ್ಕ ಎಂದು ಕೇಳಿದರು. ಸಿಸ್ಟರ್ ಅವರು ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ವಿವರಿಸಿದರು. ಪರೀಕ್ಷಕರು ಕನ್ನಡಕ ತೆಗೆದು ಇನ್ನೊಮ್ಮೆ ಹೇಳಿಸಿದರು. ಇಲ್ಲಿಯವರೆಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಆಮೇಲೆ ಸಿಸ್ಟರ್ ಪರೀಕ್ಷಕರ ಜೇಬನ್ನೂ ತೋರಿಸಲು ಹೇಳಿದರೆಂದು, ಜೊತೆಗೆ ಹೋಗಿ ಬಾಗಿಲ ಬಳಿ ಕಾಯುತ್ತಿದ್ದ ಹೊನ್ನಾಳಿಯ ಹುಡುಗಿ ಆಣೆಯಿಟ್ಟು ಹೇಳುತ್ತಾಳೆ. ಸಿಸ್ಟರ್ ಅವರನ್ನು ಕೇಳಿದರೆ, "ಅಷ್ಟು ಧೈರ್ಯ ನನಗೆಲ್ಲಿಂದ ಬರ್ತೈತ್ರಿ?" ಎನ್ನುತ್ತಾರೆ, ಆದರೆ ನಗುತ್ತಾರೆ. ಇತ್ಯರ್ಥವಾಗದ ಈ ಸಂಗತಿಯನ್ನು ಇತ್ಯರ್ಥವಾಗದೆಯೇ ಬಿಡುತ್ತೇನೆ.

ಪಾಸಾದರು. ಮಂಚಗಳು ಹೊರಬಿದ್ದವು. ಎಕ್ಸ್-ರೇ ಯಂತ್ರಕ್ಕೆ ಡಾಕ್ಟರು ತಮ್ಮ ವಿಶ್ರಾಂತಿಯ ಕೋಣೆಯನ್ನೇ ಬಿಟ್ಟುಕೊಟ್ಟರು. ಭಾಷಣದಲ್ಲಿ ಇದನ್ನೂ ಯಾರೂ ಹೇಳಲಿಲ್ಲ. ಕೊಠಡಿಯ ಬಾಗಿಲಿಗೆ ಬಣ್ಣ ಬಳಿದು, ಕಿಟಕಿಗೆ ಪರದೆ ಕಟ್ಟಿ, ಅದರೊಳಗೆ ಆರು ವರ್ಷ ಸಿಸ್ಟರ್ ಗಿಡ್ಡ ಸ್ಟೂಲಿನ ಮೇಲೆ ಕೂತರು. ಒಳಗೆ ಹೋದವರು ಬಾಗಿಲು ಹಾಕಿಕೊಂಡು ಏನು ಹೇಳುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಹೊರಗೆ ಕೇಳುತ್ತಿದ್ದದ್ದು ಆಗಾಗ ಏಳುವ ನಗು ಮಾತ್ರ. ಹೊರಗಿನ ಗೋಡೆಯ ಮೇಲೆ ಸಿಸ್ಟರ್ ಅವರೇ ಬರೆಸಿದ ಹಲಗೆ ಇನ್ನೂ ಇದೆ: "ರಕ್ತ ಕೊಡುವ ದಿನ ಬೆಳಿಗ್ಗೆ ಮಂಡಕ್ಕಿಯೂ ಊಟವೇ."

ಈಗ ಆ ಸ್ಟೂಲಿನ ಮೇಲೆ ಹೊನ್ನಾಳಿಯ ಹುಡುಗಿ ಕೂರುತ್ತಾಳೆ. ಶಾಲು ಹೊದಿಸಿಕೊಂಡವನ ಮಾತಿಗಿಂತ ಅವಳ ಬೆನ್ನ ಹಿಂದಿನ ಕಪಾಟನ್ನು ನಂಬುವುದು ಲೇಸು. ಅದರ ಮೇಲಿನ ಖಾನೆಯಲ್ಲಿ ಎರಡು ವರದಿಗಳಿವೆ. ಮೊದಲನೆಯದಕ್ಕೆ ನನ್ನ ಹಸಿರು ಶಾಯಿಯ ಕರಡನ್ನೂ ಸೇರಿಸಿ ಹೊಲಿದಿದ್ದಾರೆ, ಅದು ನಪಾಸಾದದ್ದು. ಎರಡನೆಯದರಲ್ಲಿ ಹಸಿರಿನ ಒಂದು ಚುಕ್ಕೆಯೂ ಇಲ್ಲ. ಅದರ ಕೊನೆಗೆ ಟ್ರಿಪ್ ಶೀಟು ಅಂಟಿಸಿದೆ, ಅದರ ಬೆನ್ನಿಗೆ ನನ್ನ ಮಾತಿದೆ. ಅಷ್ಟಕ್ಕೂ ಸಂಶಯವುಳಿದರೆ ಸಂತೇಬೆನ್ನೂರಿನ ಬಸ್ ಸ್ಟ್ಯಾಂಡಿಗೆ ಹೋಗಿ. ಮಂಡಕ್ಕಿಯ ತಾಯಿ ಬೆಳಗಿನ ಮೊದಲ ಬಸ್ಸಿನ ಹೊತ್ತಿಗೆ ಇಂದಿಗೂ ಅಲ್ಲಿರುತ್ತಾರೆ. ರಕ್ತ ಪರೀಕ್ಷೆಯ ಸೋಮವಾರಗಳಲ್ಲಿ ಅವರು ನನ್ನ ಜೇಬಿಗೆ ಸುರಿಯುವುದಿಲ್ಲ. ಕಾಗದದಲ್ಲಿ ಕಟ್ಟಿ, ವಾಪಸು ಬರುವ ಬಸ್ಸಿಗೆಂದು ತೆಗೆದಿಡುತ್ತಾರೆ.

ವರದಿಗಳನ್ನು ನೋಡಬೇಕೆನ್ನುವವರು ಹತ್ತರಿಂದ ಒಂದು ಗಂಟೆಯೊಳಗೆ ಹೋಗಬೇಕು. ಒಳಗೆ ಬಿಡುವ ಮೊದಲು ಆ ಹುಡುಗಿ ಜೇಬು ತೋರಿಸಲು ಹೇಳುತ್ತಾಳೆ. ತೋರಿಸಿ. ನಾನೂ ತೋರಿಸುತ್ತೇನೆ.